ಅಜ್ಜನ ಕಾಲದ 12 ಬೋರ್ ಜೋಡುನಳಿಗೆಗೆ ಒಂಟಿ ಗುಂಡಿನ ತೋಟಾ: ಮನೆಯಲ್ಲೇ ತುಂಬಿಕೊಳ್ಳಬಹುದೇ?

ಪ್ರಶ್ನೆ: ಕಾಫಿಕಣ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನಿಂದ ಬಂದ 12 ಬೋರ್ ಜೋಡುನಳಿಗೆ ಕೋವಿ ಇದೆ. ಬರ್ಮಿಂಗ್‌ಹ್ಯಾಮ್‌ನದು, ಹೊರಗಡೆ ಕುದುರೆ (ತೋಟಾಗೆ ಬಡಿಯುವ ಸುತ್ತಿಗೆ) ಇಲ್ಲದ ಮಾದರಿ, ಎರಡು ಟ್ರಿಗರ್, 30 ಇಂಚಿನ ನಳಿಗೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ವಿನಾಯಿತಿ ಪತ್ರ ಚಾಲ್ತಿಯಲ್ಲಿದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಇದನ್ನೇ ತೆಗೆದುಕೊಂಡು ಹೋಗುವ ಆಸೆ. ಚರೆಯ ಬದಲು ಒಂಟಿ ಗುಂಡು, ಅಂದರೆ ಸ್ಲಗ್ ಹಾಕಿ ಹೊಡೆಯಬೇಕು ಅಂತ.

ನಳಿಗೆ ಬಿಚ್ಚಿದಾಗ ಬುಡದ ಚಪ್ಪಟೆ ಭಾಗದಲ್ಲಿ ಕಾಣುವ ಮುದ್ರೆಗಳು: ಕಿರೀಟದ ಕೆಳಗೆ ಬಿಪಿ, ಇನ್ನೊಂದು ಕಿರೀಟದ ಕೆಳಗೆ ಬಿವಿ, ಮತ್ತೊಂದರ ಕೆಳಗೆ ಎನ್‌ಪಿ. ವಜ್ರಾಕಾರದ ಚೌಕದೊಳಗೆ 12, ಅದರ ಕೆಳಗೆ ಸಿ. ಎಡನಳಿಗೆಯಲ್ಲಿ ಮಾತ್ರ ಚೋಕ್ ಎಂಬ ಪದ ಇದೆ. ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಉದ್ದ ಎಲ್ಲೂ ಬರೆದಿಲ್ಲ.

ಕೇಳಬೇಕಾದ್ದು ಮೂರು. ಈ ಕೋವಿಗೆ ಸ್ಲಗ್ ತಡೆಯುತ್ತದೆಯೇ? ಅಂಗಡಿಯಲ್ಲಿ ಸ್ಲಗ್ ಸಿಗುವುದು ಅಪರೂಪವಾದ್ದರಿಂದ, ಚರೆಯ ತೋಟಾ ಬಿಚ್ಚಿ ಅದರೊಳಗೆ ಸೀಸದ ಗುಂಡು ಕೂರಿಸಿ ಮತ್ತೆ ಮಡಚಿದರೆ ಆಗುತ್ತದೆಯೇ? ವಿಡಿಯೋಗಳಲ್ಲಿ ಚರೆಯ ಮೇಲೆ ಕರಗಿದ ಮೇಣ ಸುರಿದು ಒಂದೇ ಗಟ್ಟಿ ಮಾಡುವುದನ್ನೂ, ತೋಟಾದ ಸುತ್ತ ಚಾಕುವಿನಿಂದ ಗೀರುವುದನ್ನೂ ತೋರಿಸುತ್ತಾರೆ. ಅದರಲ್ಲಿ ಹುರುಳಿದೆಯೇ?

ಉತ್ತರ: ಜೋಡುನಳಿಗೆ

ಮುದ್ರೆಗಳನ್ನು ಇಷ್ಟು ಸರಿಯಾಗಿ ಬರೆದದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಬಿಪಿ, ಬಿವಿ, ಎನ್‌ಪಿ ಮೂರೂ ಕಿರೀಟದಡಿ ಬರುವುದು 1904ರ ನಂತರದ ಬರ್ಮಿಂಗ್‌ಹ್ಯಾಮ್ ಪರೀಕ್ಷೆಯಲ್ಲಿ, ಅಂದರೆ ಹೆಚ್ಚಿನ ಮದ್ದಿನಿಂದ ಹೊಡೆದು ನಳಿಗೆ ತಾಳುತ್ತದೆಯೇ ಎಂದು ನೋಡಿ ಮುದ್ರೆ ಒತ್ತುವುದರಲ್ಲಿ. ಎನ್‌ಪಿ ಅಂದರೆ ಹೊಗೆಯಿಲ್ಲದ ಮದ್ದಿಗೆ, ನೈಟ್ರೋಗೆ ಪರೀಕ್ಷೆಯಾದದ್ದು. ಚೇಂಬರಿನ ಉದ್ದವನ್ನು ಇಂಚಿನಲ್ಲಿ ಕೊರೆಯುವ ಕ್ರಮ ಬಂದದ್ದು 1925ರಲ್ಲಿ. ನಿಮ್ಮದರಲ್ಲಿ ಅದಿಲ್ಲವಾದ್ದರಿಂದ ಕೋವಿ 1904 ಮತ್ತು 1925ರ ನಡುವಿನದು. ವಜ್ರದೊಳಗಿನ 12 ಮತ್ತು ಸಿ ಅಂದರೆ ಚೇಂಬರ್ 3 ಇಂಚಿಗಿಂತ ಕಡಿಮೆ ಎಂದಷ್ಟೇ ಅರ್ಥ. ಎರಡೂವರೆಯೋ ಎರಡೂ ಮುಕ್ಕಾಲೋ ಅದು ಹೇಳುವುದಿಲ್ಲ. ಆ ಕಾಲದ ಸಾಮಾನ್ಯ ಕೋವಿಗಳಲ್ಲಿ ಹೆಚ್ಚಿನವು ಎರಡೂವರೆ ಇಂಚು, 65 ಮಿ.ಮೀ.

ಮೊದಲು ಅದನ್ನು ಅಳೆಯಿರಿ. ಒಂದು ಮಿ.ಮೀ. ದಪ್ಪದ ಹಿತ್ತಾಳೆ ತಗಡನ್ನು ಸರಿಯಾಗಿ 20 ಮಿ.ಮೀ. ಅಗಲಕ್ಕೆ ಕತ್ತರಿಸಿ, ತುದಿ ನೇರ ಇರಲಿ. ಖಾಲಿ ನಳಿಗೆಯ ಬುಡದಿಂದ ಒಳಗೆ ಜಾರಿಸಿ. ಚೇಂಬರಿನ ಮುಂದಿನ ತುದಿಯಲ್ಲಿ ಒಳವ್ಯಾಸ 20.2 ಮಿ.ಮೀ. ಆಸುಪಾಸು, ಅಲ್ಲಿಂದ ಮುಂದೆ ಇಳಿಜಾರಾಗಿ 18.5ಕ್ಕೆ ಕಿರಿದಾಗುತ್ತದೆ. ತಗಡು ಆ ಇಳಿಜಾರಿನ ಬಾಯಿಗೆ ತಾಗಿ ನಿಲ್ಲುತ್ತದೆ. ಬುಡದ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಹೊರತೆಗೆದು ಅಳೆಯಿರಿ. ಒಂದೆರಡು ಮಿ.ಮೀ. ಆಚೀಚೆ ಬರಬಹುದು, ಆದರೆ 65 ಮತ್ತು 70ರ ವ್ಯತ್ಯಾಸ ಗೊತ್ತಾಗದೇ ಇರುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ತೋಟಾದ ಮೇಲೆ ಬರೆದ 70 ಮಿ.ಮೀ. ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುವಾಗ ಅದು 60ರ ಒಳಗೇ ಇರುತ್ತದೆ. ಹಾಗಾಗಿ 65ರ ಚೇಂಬರಿಗೆ 70ರ ತೋಟಾ ಸಲೀಸಾಗಿ ಕೂರುತ್ತದೆ, ಕೋವಿಯೂ ಸರಿಯಾಗಿ ಮುಚ್ಚುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಇಳಿಜಾರಿನೊಳಗೆ ಚಾಚಿಕೊಳ್ಳುತ್ತದೆ, ಅಷ್ಟರಮಟ್ಟಿಗೆ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಕೂರಿತು ಎಂಬುದನ್ನೇ ಸರಿ ಎಂದುಕೊಂಡರೆ ಕೆಟ್ಟಿರಿ. ಇದರ ಮೇಲೆ, ಇಂದಿನ 70 ಮಿ.ಮೀ. ತೋಟಾಗಳಿಗೆ ಯುರೋಪಿನ ಗರಿಷ್ಠ ಒತ್ತಡದ ಮಿತಿ 740 ಬಾರ್, ಅಮೆರಿಕದ್ದು 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನೂರು ವರ್ಷದ ಹಿಂದಿನ ಹಗುರ ಕೋವಿಯ ಪರೀಕ್ಷೆ ಅದನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ.

ಇನ್ನು ಚೋಕ್, ಅಂದರೆ ನಳಿಗೆಯ ಬಾಯಿಯನ್ನು ಕಿರಿದು ಮಾಡಿರುವುದು. ನಿಜವಾದ ವಿಷಯ ಇರುವುದೇ ಇಲ್ಲಿ. 12 ಬೋರ್ ಎಂದರೆ ನಳಿಗೆಯ ವ್ಯಾಸಕ್ಕೆ ಸರಿಯಾದ ಅಪ್ಪಟ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗುತ್ತವೆ ಎಂಬ ಲೆಕ್ಕ. ವ್ಯಾಸ 0.729 ಇಂಚು, 18.5 ಮಿ.ಮೀ. ಫುಲ್ ಚೋಕ್ ನಳಿಗೆಯ ಬಾಯಿಯಲ್ಲಿ ಇದು 35ರಿಂದ 40 ಪಾಯಿಂಟ್, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 35ರಿಂದ 40 ಪಾಲು ಕಡಿಮೆಯಾಗುತ್ತದೆ. ಹೆಚ್ಚುಕಡಿಮೆ ಒಂದು ಮಿ.ಮೀ. ಅರ್ಧ ಚೋಕ್ 20 ಪಾಯಿಂಟ್, ಕಾಲು ಚೋಕ್ 10. ಚರೆಕಾಳುಗಳು ಒಂದಕ್ಕೊಂದು ಸರಿದು, ಉದ್ದಕ್ಕೆ ಚಾಚಿಕೊಂಡು ಈ ಕಿರಿದಾದ ಬಾಯಲ್ಲಿ ಹಾದುಹೋಗುತ್ತವೆ. ಗಟ್ಟಿ ಗುಂಡಿಗೆ ಸರಿಯಲು ಜಾಗವಿಲ್ಲ. ಒಂದೋ ಸೀಸ ಹಿಂಡಿಕೊಳ್ಳಬೇಕು, ಇಲ್ಲವೇ ಉಕ್ಕು ಹಿಗ್ಗಬೇಕು.

1875ರ ನಿಯಮದಡಿ ಪರೀಕ್ಷೆಯಾದ ಚೋಕ್ ನಳಿಗೆಗಳ ಮೇಲೆ ಬ್ರಿಟಿಷ್ ಪರೀಕ್ಷಾಗೃಹಗಳು ನಾಟ್ ಫಾರ್ ಬಾಲ್ ಎಂದೇ ಕೊರೆಯುತ್ತಿದ್ದವು. ಒಂಟಿ ಗುಂಡಿಗೆ ಅಲ್ಲ ಎಂದು ಸ್ಪಷ್ಟ ಮಾತು. 1887ರಿಂದ ಆ ಮೂರು ಪದ ಹೋಗಿ ಚೋಕ್ ಎಂಬ ಒಂದೇ ಪದ ಉಳಿಯಿತು. ನಿಮ್ಮ ಎಡನಳಿಗೆಯ ಮೇಲಿರುವ ಪದವನ್ನು ಆ ಹಳೆಯ ಎಚ್ಚರಿಕೆಯಂತೆಯೇ ಓದಿಕೊಳ್ಳಿ.

ಕಾರ್ಖಾನೆಯ ಸ್ಲಗ್‌ಗಳು ಈ ತೊಂದರೆಯನ್ನು ಎರಡು ಬಗೆಯಲ್ಲಿ ದಾಟುತ್ತವೆ. ಜರ್ಮನಿಯ ವಿಲ್‌ಹೆಲ್ಮ್ ಬ್ರೆನಿಕೆ 1898ರಲ್ಲಿ ಮಾಡಿದ್ದು ಗಟ್ಟಿ ಸೀಸದ ಗುಂಡು, ಹಿಂದೆ ಹಗುರವಾದ ಬಿರಡೆ ಅಂಟಿಕೊಂಡೇ ಹಾರುತ್ತದೆ. ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ಮಾಡಿದ್ದು ಹಿಂಭಾಗ ಟೊಳ್ಳಾದ ಬಟ್ಟಲಿನಂಥದ್ದು. ಎರಡರಲ್ಲೂ ತೂಕ ಮುಂದಿದೆ, ಹಾಗಾಗಿ ಗರಿ ಕಟ್ಟಿದ ಬಾಣದ ಹಾಗೆ ಮೂತಿ ಮುಂದಾಗಿಯೇ ಹೋಗುತ್ತವೆ. ಮೈಮೇಲಿನ ಓರೆ ಏಣುಗಳನ್ನು ನೋಡಿ ಗುಂಡು ಗಿರ್ರನೆ ತಿರುಗುತ್ತದೆ ಎಂದು ಹೇಳುವವರಿದ್ದಾರೆ. ನಯವಾದ ನಳಿಗೆಯಲ್ಲಿ ಅವು ತಿರುಗಿಸುವುದು ನೆಪಮಾತ್ರಕ್ಕೆ. ಅವುಗಳ ನಿಜವಾದ ಕೆಲಸ ಚೋಕಿನಲ್ಲಿ ಹಿಂಡಿಹೋಗುವುದು: ಏಣು ಮೆತ್ತಗೆ ಮಡಿಯುತ್ತದೆ, ಸೀಸಕ್ಕೆ ಪಕ್ಕದ ತಗ್ಗಿನಲ್ಲಿ ಜಾಗ ಸಿಗುತ್ತದೆ.

ಮನೆಯಲ್ಲಿ ಎರಕ ಹೊಯ್ದ ಉರುಟು ಗುಂಡಿಗೆ ಆ ಏಣೂ ಇಲ್ಲ, ಟೊಳ್ಳೂ ಇಲ್ಲ. ಅದೂ ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕ ಕರಗಿಸಿದ ಸೀಸವಾದರೆ ಅದರಲ್ಲಿ ಆಂಟಿಮನಿ ಬೆರೆತಿರುತ್ತದೆ, ಅಪ್ಪಟ ಸೀಸಕ್ಕಿಂತ ಎರಡು ಪಟ್ಟು ಗಡಸು. 18.3 ಮಿ.ಮೀ.ನ ಅಂಥ ಗುಂಡು 17.6ರ ಬಾಯಿಗೆ ಬಂದರೆ ಉಕ್ಕೇ ಸೋಲುತ್ತದೆ. ಬಾಯಿಯಿಂದ ಒಂದೆರಡು ಇಂಚು ಹಿಂದೆ ಉಂಗುರದ ಹಾಗೆ ಉಬ್ಬು, ಅದರ ಜೊತೆಗೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಡುವುದು. ಈ ಉಬ್ಬನ್ನು ಯಾರೂ ಮೊದಲಿನಂತೆ ಮಾಡಿಕೊಡಲಾರರು.

ಉತ್ತರ: ಸೀಸದಚ್ಚು

ನಾನಿರುವುದು ಅಮೆರಿಕದಲ್ಲಿ. ಇಲ್ಲಿ ತೋಟಾ ಮನೆಯಲ್ಲಿ ತುಂಬುವುದು ಕಾನೂನಿನಂತೆಯೇ ನಡೆಯುವ ಹವ್ಯಾಸ. ಎರಡನೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಚರೆಯ ತೋಟಾ ಬಿಚ್ಚಿ ಗುಂಡು ಕೂರಿಸುವುದಕ್ಕೂ ಸ್ಲಗ್ ತುಂಬುವುದಕ್ಕೂ ಎಲ್ಲಿಂದೆಲ್ಲಿಯ ಸಂಬಂಧವೂ ಇಲ್ಲ.

ಒಂದು ತೋಟಾದೊಳಗೆ ಇರುವುದು ಐದೇ ವಸ್ತು: ಕೋಶ, ಕೇಪು (ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವುದು), ಮದ್ದು, ಬಿರಡೆ (ಮದ್ದಿಗೂ ಭಾರಕ್ಕೂ ನಡುವಿನ ಅಡೆ), ಮುಂದಿನ ಭಾರ (ಚರೆ ಅಥವಾ ಗುಂಡು). ಆರನೆಯದು ಬಾಯಿ ಮಡಚಿದ ಬಿಗಿ. ಹೊಗೆಯಿಲ್ಲದ ಮದ್ದು ತೆರೆದ ತಟ್ಟೆಯಲ್ಲಿ ಹಚ್ಚಿದರೆ ಹಳದಿ ಉರಿಯಾಗಿ ಮೆಲ್ಲಗೆ ಉರಿದುಹೋಗುತ್ತದೆ. ಅದೇ ಮದ್ದು ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಹಾಗಾಗಿ ಈ ಆರರಲ್ಲಿ ಯಾವುದೊಂದನ್ನು ಬದಲಿಸಿದರೂ ಉಳಿದ ಐದರ ಲೆಕ್ಕವೂ ಬದಲಾಗುತ್ತದೆ. ಕೇಪಿನ ತಯಾರಕರನ್ನು ಬದಲಿಸಿದ್ದಕ್ಕೇ ಒತ್ತಡ ಸಾವಿರಾರು ಪಿಎಸ್‌ಐ ಮೇಲೆ ಕೆಳಗೆ ಆಗುವುದುಂಟು, ಉಳಿದದ್ದೆಲ್ಲ ಅದೇ ಇದ್ದರೂ. ಇಲ್ಲಿ ಲೋಡ್ ಪುಸ್ತಕದಲ್ಲಿ ಕೋಶದ ಹೆಸರು, ಕೇಪಿನ ಹೆಸರು, ಮದ್ದಿನ ಹೆಸರು ಮತ್ತು ತೂಕ, ಬಿರಡೆಯ ಹೆಸರು, ಸ್ಲಗ್ಗಿನ ಅಚ್ಚಿನ ಹೆಸರು ಐದನ್ನೂ ಒಂದೇ ಸಾಲಿನಲ್ಲಿ ಕೊಡುವುದು ಅದಕ್ಕೇ. ಚರೆಯ ಲೋಡ್ ಬೇರೆ, ಸ್ಲಗ್ಗಿನ ಲೋಡ್ ಬೇರೆ, ತೂಕ ಎರಡೂ ಒಂದು ಔನ್ಸೇ ಆದರೂ. ಚರೆಯ ಹಿಂಡು ಹೊರಡುವಾಗ ಕುಗ್ಗಿಕೊಂಡು ಮದ್ದಿಗೆ ಒಂದಿಷ್ಟು ಜಾಗ ಬಿಡುತ್ತದೆ. ಗಟ್ಟಿ ಗುಂಡು ಕುಗ್ಗುವುದಿಲ್ಲ.

ನೀವು ಬಿಚ್ಚುವ ತೋಟಾದಲ್ಲಿ ಯಾವ ಮದ್ದು ಎಷ್ಟಿದೆ ಎಂಬುದು ಕಾರ್ಖಾನೆಗೆ ಮಾತ್ರ ಗೊತ್ತು. ಮದ್ದು ನೋಡಿ ಗುರುತಿಸಲು ಬರುವುದಿಲ್ಲ. ಕಾರ್ಖಾನೆಗಳು ಸಗಟಿನಲ್ಲಿ ಬಳಸುವ ಮದ್ದು ಡಬ್ಬಿಯಲ್ಲಿ ಮಾರಾಟಕ್ಕೇ ಬರುವುದಿಲ್ಲ. ಕೇಪಿನ ಕೋವಿಯ ಕಾಲದ ಅಳತೆ ಬಟ್ಟಲು ಮನೆಯಲ್ಲಿದ್ದರೆ ಅದನ್ನು ಇದರ ಹತ್ತಿರಕ್ಕೂ ತರಬೇಡಿ. ಕರಿಮದ್ದನ್ನು ಗಾತ್ರದಿಂದ ಅಳೆಯುತ್ತಾರೆ, ನೈಟ್ರೋವನ್ನು ತೂಗುತ್ತಾರೆ. ಡಬ್ಬದ ಮೇಲೆ 3 ಡ್ರಾಮ್ ಈಕ್ವಿವಲೆಂಟ್ ಎಂದಿದ್ದರೆ ಒಳಗೆ 3 ಡ್ರಾಮ್ ಮದ್ದಿದೆ ಎಂದಲ್ಲ, 3 ಡ್ರಾಮ್ ಕರಿಮದ್ದು ಕೊಡುವ ವೇಗವೇ ಇದಕ್ಕೂ ಇದೆ ಎಂದು. 3 ಡ್ರಾಮ್ ಕರಿಮದ್ದು 5.3 ಗ್ರಾಂ. ಅದೇ ಕೆಲಸಕ್ಕೆ ನೈಟ್ರೋ ಬೇಕಾಗುವುದು ಅದರ ಮೂರನೇ ಒಂದು ಪಾಲಿನ ಆಸುಪಾಸು. ಈ ಎರಡನ್ನು ಅದಲುಬದಲು ಮಾಡಿದ ಕೋವಿ ಉಳಿಯುವುದಿಲ್ಲ, ಹಿಡಿದ ಕೈಯೂ.

ಇಲ್ಲಿ ಸರಿಯಾಗಿ ಮಾಡುವವರು ಏನು ಮಾಡುತ್ತಾರೆ ಎಂದು ಹೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಅಚ್ಚು ಸಾಮಾನ್ಯವಾಗಿ ಲೀ ಕಂಪನಿಯ 7/8 ಔನ್ಸ್ ಅಥವಾ 1 ಔನ್ಸಿನದು. ಹಿಂಭಾಗ ಟೊಳ್ಳು, ಆ ಟೊಳ್ಳಿನ ನಡುವೆ ಒಂದು ಅಡ್ಡಪಟ್ಟಿ, ಬಿರಡೆ ಒಳಗೆ ತೂರಿ ಸ್ಲಗ್ ಹರಿದುಹೋಗದಂತೆ. ಇದು ಚರೆಯ ಪ್ಲಾಸ್ಟಿಕ್ ಬಟ್ಟಲಿನೊಳಗೇ ಕೂರುವ ಗಾತ್ರದ್ದು, ಸೀಸ ನಳಿಗೆಗೆ ತಾಗುವುದೇ ಇಲ್ಲ. ಸೀಸ ಅಪ್ಪಟವೇ ಆಗಬೇಕು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೊಯ್ಯುವುದು 400ರ ಹತ್ತಿರ. ಅಚ್ಚು ತಣ್ಣಗಿದ್ದರೆ ಸ್ಲಗ್ಗಿನ ಮೈ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ತೀರಾ ಬಿಸಿಯಾದರೆ ಮಂಜು ಕೂತ ಗಾಜಿನಂತೆ ಬಿಳಿಚುತ್ತದೆ. ಪಾತ್ರೆಗೆ ಒಂದು ಹನಿ ನೀರು ಬಿದ್ದರೂ ಅದು ಆವಿಯಾಗುವ ರಭಸಕ್ಕೆ ಕರಗಿದ ಸೀಸ ಮುಖಕ್ಕೆ ಎರಚುತ್ತದೆ, ಅದಕ್ಕೇ ಮಳೆಯಲ್ಲಿ ಹೊರಗೆ, ಬೆವರಿದ ಹಣೆಯಲ್ಲಿ ಈ ಕೆಲಸ ಇಲ್ಲ. ಹೊಗೆ ಹೊರಗೆ ಹೋಗುವ ಜಾಗ, ಕನ್ನಡಕ, ಕೈಗವಸು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈತೊಳೆಯುವುದು. ಅಡುಗೆಯ ಪಾತ್ರೆ ಬಳಸುವ ಮಾತೇ ಇಲ್ಲ.

ಆಮೇಲೆ ಪ್ರತಿ ಸ್ಲಗ್ಗನ್ನೂ ತೂಗುತ್ತಾರೆ. 1 ಔನ್ಸ್ 28.35 ಗ್ರಾಂ. ಅಚ್ಚಿನ ಸರಾಸರಿಗಿಂತ ಕಾಲು ಗ್ರಾಂ ಕಡಿಮೆ ಬಂದದ್ದು ಮತ್ತೆ ಪಾತ್ರೆಗೆ ಹೋಗುತ್ತದೆ, ಯಾಕೆಂದರೆ ಒಳಗೆಲ್ಲೋ ಗಾಳಿಗುಳ್ಳೆ ಇದೆ. ಗುಳ್ಳೆ ನಡುವೆ ಇರುವುದು ಅಪರೂಪ, ಒಂದು ಪಕ್ಕಕ್ಕಿರುತ್ತದೆ, ಆ ಸ್ಲಗ್ ಒಂದು ಕಡೆ ಭಾರವಾಗಿ ತೂರಾಡುತ್ತಾ ಹೋಗುತ್ತದೆ. ಕೋಶವನ್ನು ಬೆಳಕಿಗೆ ಹಿಡಿದು ಬುಡದ ಹತ್ತಿರ ಸೀಳು, ಬಾಯಲ್ಲಿ ಹರಿದ ಮಡಿಕೆ, ಸಡಿಲವಾದ ಕೇಪಿನ ಗೂಡು ಇದ್ದರೆ ಎಸೆಯುತ್ತಾರೆ. ಮದ್ದನ್ನು ತಕ್ಕಡಿಯಲ್ಲಿ ತೂಗಿ, ಬಿರಡೆ ಕೂರಿಸುವ ಮೊದಲು ಸಾಲಾಗಿ ನಿಲ್ಲಿಸಿದ ಎಲ್ಲ ಕೋಶಗಳೊಳಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡುತ್ತಾರೆ. ಒಂದರಲ್ಲಿ ಎರಡು ಸಲ ಬಿದ್ದಿದ್ದರೂ ಒಂದರಲ್ಲಿ ಬೀಳದೇ ಇದ್ದರೂ ಅಲ್ಲಿ ಕಣ್ಣಿಗೆ ಬೀಳುತ್ತದೆ. ಬಿರಡೆ ಮತ್ತು ಸ್ಲಗ್ಗಿನ ಎತ್ತರ ಹೊಂದದಿದ್ದರೆ ಮಡಿಕೆ ಗುಳಿಬೀಳುತ್ತದೆ ಅಥವಾ ಉಬ್ಬುತ್ತದೆ. ಗುಳಿಬಿದ್ದದ್ದು ಬಿಗಿ ಹೆಚ್ಚಿಸುತ್ತದೆ, ಉಬ್ಬಿದ್ದು ಮದ್ದು ಪೂರ್ತಿ ಹತ್ತಿಕೊಳ್ಳುವ ಮೊದಲೇ ಬಿಟ್ಟುಕೊಡುತ್ತದೆ. ಇಷ್ಟು ಮಾಡುವುದಕ್ಕೂ ಪುಸ್ತಕದ ಸಾಲು ಕೈಯಲ್ಲಿರಬೇಕು. ನಿಮ್ಮಲ್ಲಿ ಆ ಸಾಲಿನ ಐದು ವಸ್ತುಗಳಲ್ಲಿ ಒಂದೂ ಹೆಸರು ಸಮೇತ ಸಿಗುವುದಿಲ್ಲ. ಮದ್ದಿನ ಪ್ರಮಾಣವನ್ನು ಇಲ್ಲಿ ಬರೆಯದಿರುವುದೂ ಅದೇ ಕಾರಣಕ್ಕೆ, ದಯವಿಟ್ಟು ಖಾಸಗಿಯಾಗಿ ಕೇಳಬೇಡಿ.

ಮೇಣದ ತೋಟಾ: ಮೇಣ ಸುರಿದರೆ ಚರೆ, ಬಟ್ಟಲು, ಮಡಿಕೆ ಎಲ್ಲ ಒಂದೇ ಗಟ್ಟಿ. ತೂಕ ಹೆಚ್ಚಿತು, ಹಿಗ್ಗುಕುಗ್ಗು ಹೋಯಿತು, ಚೋಕಿನಲ್ಲಿ ಸರಿದುಹೋಗುವ ಗುಣವೂ ಹೋಯಿತು. ಗೀರಿದ ತೋಟಾ ಅದಕ್ಕಿಂತ ಕೆಟ್ಟದ್ದು. ಕೋಶದ ಮುಂದಿನ ಅರ್ಧ ಕಿತ್ತುಕೊಂಡು ಚರೆ ಸಮೇತ ನಳಿಗೆಯಲ್ಲಿ ಹೋಗುತ್ತದೆ. ಆ ಕೋಶದ ಹೊರಮೈ ಚೇಂಬರಿನ 20 ಮಿ.ಮೀ. ಅಳತೆಯದು, ಹೋಗಬೇಕಾದ್ದು 18.5ರಲ್ಲಿ, ಆಮೇಲೆ 17.6ರಲ್ಲಿ. ಒಮ್ಮೊಮ್ಮೆ ಚರೆ ಹೊರಬಿದ್ದು ಕೋಶದ ಉಂಗುರ ಮಾತ್ರ ನಳಿಗೆಯಲ್ಲೇ ಉಳಿಯುತ್ತದೆ. ಮುಂದಿನ ಈಡಿಗೆ ಅದು ಅಡ್ಡಗಟ್ಟೆ.

ಉತ್ತರ: ನಲವತ್ತೊಂದನೇಕಲಂ

ಕಾನೂನಿನ ಮಾತು ಚಿಕ್ಕದಾಗಿ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ನಡೆದುಬಂದಿದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಸುವುದು 5ನೇ ಕಲಂ, ಅದಕ್ಕೆ ಬೇರೆಯೇ ಪರವಾನಗಿ ಬೇಕು, ವಿನಾಯಿತಿ ಪತ್ರ ಅಲ್ಲಿ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಶಿಕ್ಷೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಸಡಿಲ ಮದ್ದು ಮನೆಯಲ್ಲಿಟ್ಟರೆ 1884ರ ಸ್ಫೋಟಕ ಕಾಯ್ದೆ ಬೇರೆ. ನಮ್ಮ ಜನರ ಕೈಯಲ್ಲಿ ಒಂದೂವರೆ ಶತಮಾನದಿಂದ ಉಳಿದುಬಂದ ಹಕ್ಕು ಇದು. ಒಂದು ತೆಂಗಿನಕಾಯಿಗಾಗಿ ಅದಕ್ಕೆ ಕುತ್ತು ತಂದುಕೊಳ್ಳಬೇಡಿ ತಮ್ಮಾ. ತೋಟಾ ಪರವಾನಗಿ ಇರುವ ಅಂಗಡಿಯಿಂದಲೇ ಬರಲಿ, ರಸೀದಿ ಜೋಪಾನವಾಗಿರಲಿ.

ಕಾಫಿಕಣ:

ಎಲ್ಲರಿಗೂ ಧನ್ಯವಾದ. ತುಂಬುವ ವಿಚಾರ ಪೂರ್ತಿ ಕೈಬಿಟ್ಟೆ. ಜೋಡುನಳಿಗೆ ಅಣ್ಣ ಹೇಳಿದ ಹಾಗೆ ಅಳೆದೆ. ತಗಡು ಎರಡೂ ನಳಿಗೆಯಲ್ಲಿ 65ರ ಗೆರೆಗೆ ನಿಂತಿತು. ವರ್ನಿಯರ್ ಕ್ಯಾಲಿಪರಿನಲ್ಲಿ ಬಾಯಿ: ಬಲ 18.2, ಎಡ 17.5 ಮಿ.ಮೀ. ನಳಿಗೆಯ ಒಳಗಿನ ಅಳತೆ ಹೇಗೆ ತೆಗೆಯುವುದು ಗೊತ್ತಾಗಲಿಲ್ಲ. 65 ಮಿ.ಮೀ.ನ ಕಾರ್ಖಾನೆಯ ಸ್ಲಗ್ ಸಿಕ್ಕಿದರೆ ಬಲನಳಿಗೆಯಲ್ಲಿ ಹೊಡೆಯಬಹುದೇ?

ಉತ್ತರ: ಜೋಡುನಳಿಗೆ

ವರ್ನಿಯರಿನ ಒಳದವಡೆಗಳ ಅಂಚು ಚಪ್ಪಟೆ, ನಳಿಗೆ ಉರುಟು. ಹಾಗಾಗಿ ಅದು ನಿಜಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಮೂರು ದಿಕ್ಕಿನಲ್ಲಿ ಅಳೆದು ಹೆಚ್ಚಿನದನ್ನು ತೆಗೆದುಕೊಳ್ಳಿ. ಒಳಗಿನ ವ್ಯಾಸವನ್ನು ಪರವಾನಗಿ ಇರುವ ಕೋವಿ ರಿಪೇರಿಯವರು ಬೋರ್ ಗೇಜಿನಲ್ಲಿ ತೆಗೆಯಬೇಕು, ಬುಡದಿಂದ 9 ಇಂಚು ಒಳಗೆ, ಪರೀಕ್ಷಾಗೃಹದವರು ಅಳೆದದ್ದೂ ಅಲ್ಲೇ. ವಜ್ರದ 12 ಚೇಂಬರಿನದು. ಅದಲ್ಲದೆ ನಳಿಗೆಯ ಅಡಿಯಲ್ಲಿ ಇನ್ನೊಂದು ಸಣ್ಣ ಅಂಕಿ ಇರುತ್ತದೆ, ಭೂತಗನ್ನಡಿ ಹಿಡಿದು ಹುಡುಕಿ: 12 ಎಂದಿದ್ದರೆ 0.729 ಇಂಚು, 13ರ ಕೆಳಗೆ 1 ಎಂದಿದ್ದರೆ 0.719, ಬರೀ 13 ಎಂದಿದ್ದರೆ 0.710. ಮಿ.ಮೀ.ನಲ್ಲಿ 18.5, 18.3, 18.0. ನೂರು ವರ್ಷದಲ್ಲಿ ತುಕ್ಕು ತೆಗೆಯಲು ಯಾರಾದರೂ ಒಳಗೆ ಉಜ್ಜಿ ಕೊರೆದಿದ್ದರೆ ಈಗಿನ ಅಳತೆ ಮುದ್ರೆಗಿಂತ ದೊಡ್ಡದಾಗಿರುತ್ತದೆ, ಅಷ್ಟು ಉಕ್ಕು ಗೋಡೆಯಿಂದ ಹೋಗಿದೆ ಎಂದರ್ಥ. ಮುದ್ರೆಯ ಅಳತೆಯಿಂದ ಮುಂದಿನ ಅಳತೆಗೆ ದಾಟಿದ್ದರೆ ಆ ಪರೀಕ್ಷೆಯ ಮುದ್ರೆಗೆ ಬೆಲೆಯಿಲ್ಲ.

ನಳಿಗೆ 12 ಎಂದೇ ಇದ್ದರೆ ಬಲದ್ದು 0.3 ಮಿ.ಮೀ., ಕಾಲು ಚೋಕಿನ ಹತ್ತಿರ. ಎಡದ್ದು ಒಂದು ಮಿ.ಮೀ., ಪೂರ್ತಿ ಫುಲ್. ಹಳೆಯ ಜೋಡುನಳಿಗೆಗಳ ರೂಢಿಯೂ ಅದೇ. ಮುಂದಿನ ಟ್ರಿಗರಿಗೆ ಬಲನಳಿಗೆ, ಹತ್ತಿರದ ಗುರಿಗೆ ತೆರೆದದ್ದು. ಹಿಂದಿನದಕ್ಕೆ ಎಡ, ದೂರಕ್ಕೆ ಬಿಗಿಯಾದದ್ದು. ಸ್ಲಗ್ ಬಲಕ್ಕೆ ಮಾತ್ರ.

ಅದಕ್ಕೂ ಮೊದಲು ಮೂರು ಪರೀಕ್ಷೆ. ನಳಿಗೆ ಬಿಚ್ಚಿ, ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ, ಮರದ ಚಮಚದಿಂದ ಮೆಲ್ಲಗೆ ತಟ್ಟಿ. ಬೆಸುಗೆ ಸರಿಯಿದ್ದರೆ ಗಂಟೆಯ ಹಾಗೆ ಉದ್ದಕ್ಕೆ ಕೇಳಿಸುತ್ತದೆ. ಬಿರುಕು ಬಿಟ್ಟ ಮಡಕೆಯಂತೆ ದಬ್ ಎಂದರೆ, ಝಿರ್ ಎಂದರೆ ಪಟ್ಟಿ ಎಲ್ಲೋ ಬಿಟ್ಟಿದೆ. ಎರಡನೆಯದು, ಒಳಗೆ ಒರೆಸಿ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು, ಚೌಕಟ್ಟಿನ ಅಡ್ಡಪಟ್ಟಿಯ ನೆರಳು ಒಳಮೈ ಉದ್ದಕ್ಕೆ ಬೀಳುವಂತೆ ಮೆಲ್ಲಗೆ ತಿರುಗಿಸಿ. ನೆರಳಿನ ಗೆರೆ ನೇರ ಓಡಬೇಕು. ಉಬ್ಬಿದ ಕಡೆ ಅದು ಉಂಗುರವಾಗಿ ಒಡೆಯುತ್ತದೆ, ನೆಗ್ಗಿದ ಕಡೆ ಬಳುಕುತ್ತದೆ. ಮೂರನೆಯದು, ಮುಂಗೈ ಮರ (ನಳಿಗೆಯಡಿ ಕೈ ಹಿಡಿಯುವ ಮರ) ತೆಗೆದಿಟ್ಟು ಕೋವಿ ಮುಚ್ಚಿ ಅಲುಗಿಸಿ. ನಳಿಗೆ ಮತ್ತು ಬುಡದ ನಡುವೆ ಕಟಕಟ ಎಂದರೆ ಕೀಲು ಸವೆದಿದೆ, ರಿಪೇರಿ ಆಗುವವರೆಗೆ ಚರೆಯನ್ನೂ ಹೊಡೆಯಬಾರದು.

ಮೇಲ್ಮೈಯಲ್ಲಿ ಮರದ ಎಳೆಯಂಥ ಸುರುಳಿ ಗುರುತು ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ನಿಮ್ಮದಕ್ಕೆ ಎನ್‌ಪಿ ಇರುವುದರಿಂದ ಅಷ್ಟು ಚಿಂತೆಯಿಲ್ಲವಾದರೂ, ಅಂಥ ನಳಿಗೆಗೆ ಸ್ಲಗ್ ಕೊಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಎಳೆಗಳ ನಡುವೆ ತುಕ್ಕು ಎಷ್ಟು ಆಳ ಹೋಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಇಷ್ಟೆಲ್ಲ ಸರಿಯಿದ್ದು, 65 ಮಿ.ಮೀ.ನ ಹಗುರ ಸ್ಲಗ್ ಸಿಕ್ಕಿದರೆ ಬಲನಳಿಗೆಯಲ್ಲಿ ಹೊಡೆಯಬಹುದು. ಇಲ್ಲವಾದರೆ ಇಂದಿನ 70 ಮಿ.ಮೀ. ಚೇಂಬರಿನ ಕೋವಿಯೊಂದು ಸ್ಪರ್ಧೆಗಿರಲಿ, ಅಜ್ಜನದು ಚರೆಗೂ ಪೂಜೆಗೂ ಇರಲಿ. ಆಯುಧಪೂಜೆಯ ದಿನ ತೋಕ್ ಹೂವು ಮುಡಿದು ನಿಲ್ಲುವ ಆ ಕೋವಿಯ ನಳಿಗೆ ಸೀಳಿಸಿಕೊಂಡರೆ ಇನ್ನೊಂದು ಎಲ್ಲಿಂದ ತರುತ್ತೀರಿ?

ಉತ್ತರ: ಮಣಿನೋಟ

ಸ್ಪರ್ಧೆಯ ಕಡೆಯಿಂದ ಒಂದು ಮಾತು. ಜೋಡುನಳಿಗೆಯ ಎರಡು ನಳಿಗೆಗಳು ಸಮಾನಾಂತರವಾಗಿರುವುದಿಲ್ಲ, ಮುಂದಕ್ಕೆ ಹೋದಂತೆ ಸೇರುವ ಹಾಗೆ ಬೆಸೆದಿರುತ್ತಾರೆ. ಬಲನಳಿಗೆ ಹೊಡೆದಾಗ ಒದೆತಕ್ಕೆ ಕೋವಿ ಬಲಕ್ಕೆ ತಿರುಗುತ್ತದೆ, ಭಾರ ಬಾಯಿ ದಾಟುವಷ್ಟರಲ್ಲಿ ಆ ತಿರುಗುವಿಕೆಯನ್ನು ಸರಿದೂಗಿಸಲು ಈ ಓರೆ. ಲೆಕ್ಕ ಹಾಕಿರುವುದು ಚರೆಯ ತೂಕ, ಚರೆಯ ವೇಗಕ್ಕೆ. ಸ್ಲಗ್ಗಿನ ವೇಗ ಬೇರೆಯಾದ್ದರಿಂದ ಸರಿದೂಗುವುದಿಲ್ಲ, ಗುಂಡು ಎಡಕ್ಕೋ ಬಲಕ್ಕೋ ಹೋಗುತ್ತದೆ. ಎಷ್ಟು ಎಂಬುದನ್ನು ಕಾಗದವೇ ಹೇಳಬೇಕು. 25 ಮೀಟರಿನಲ್ಲಿ ಒಂದು ಮೀಟರ್ ಚೌಕದ ಕಾಗದ ಕಟ್ಟಿ, ಮರಳಿನ ಚೀಲದ ಮೇಲೆ ಮುಂಗೈ ಇಟ್ಟು (ನಳಿಗೆಯನ್ನೇ ಚೀಲದ ಮೇಲೆ ಇಟ್ಟರೆ ಮೇಲಕ್ಕೆ ಹೊಡೆಯುತ್ತದೆ), ಒಂದೇ ನಳಿಗೆಯಿಂದ 5 ಈಡು. ಗುಂಪಿನ ನಡು ಎಲ್ಲಿದೆ ನೋಡಿ ಗುರಿ ಸರಿಸಿಕೊಳ್ಳಿ. ತೋಟಾದ ಹೆಸರು ಬದಲಾದರೆ ಮತ್ತೆ ಮೊದಲಿನಿಂದ.

ಕೋವಿಗೆ ಹಿಂದಿನ ನೋಟ ಇಲ್ಲ, ತುದಿಯ ಹಿತ್ತಾಳೆ ಮಣಿ ಒಂದೇ. ಹಿಂದಿನ ನೋಟದ ಕೆಲಸ ನಿಮ್ಮ ಕಣ್ಣೇ ಮಾಡಬೇಕು, ಅಂದರೆ ಕೆನ್ನೆ ಮರದ ಮೇಲೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕು. 30 ಇಂಚಿನ ನಳಿಗೆಯ ಬುಡದಲ್ಲಿ ನೋಟ ಒಂದು ಮಿ.ಮೀ. ಎದ್ದರೆ 25 ಮೀಟರಿನಲ್ಲಿ ಗುಂಡು 3 ಸೆಂ.ಮೀ.ಗಿಂತ ಹೆಚ್ಚು ಮೇಲೆ. ಸಿಪ್ಪೆ ಸುಲಿದ ಕಾಯಿಯ ಅಗಲ 10 ಸೆಂ.ಮೀ. ಅಂದುಕೊಂಡರೆ, ಕೆನ್ನೆ ಎರಡು ಮಿ.ಮೀ. ಎದ್ದದ್ದೇ ಕಾಯಿ ಉಳಿಯಲು ಸಾಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಒದೆತಕ್ಕೆ ಅಂಜಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ತಲೆ ಎತ್ತುತ್ತಾರೆ. ಖಾಲಿ ಹೊಡೆದ ಕೋಶವನ್ನೋ ಸ್ನ್ಯಾಪ್ ಕ್ಯಾಪನ್ನೋ (ಅಭ್ಯಾಸಕ್ಕಿರುವ ಮದ್ದಿಲ್ಲದ ನಕಲಿ ತೋಟಾ) ಹಾಕಿ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಟ್ರಿಗರ್ ಎಳೆದು ಅಭ್ಯಾಸ ಮಾಡಿ, ಮಣಿ ಅಲುಗಬಾರದು. ಗುರಿಯ ಹಿಂದೆ ಮಣ್ಣಿನ ದರೆ ಇರಲೇಬೇಕು. ಚರೆಯ ಲೆಕ್ಕ ಇಲ್ಲಿ ನಡೆಯದು, ಸ್ಲಗ್ ನೂರಾರು ಮೀಟರ್ ಆಚೆಗೂ ಕೊಲ್ಲುತ್ತದೆ.

ಉತ್ತರ: ಸೀಸದಚ್ಚು

ಹೊಡೆಯುವಾಗ ನೋಡಬೇಕಾದ್ದು ಎರಡು. ಕೇಪಿಗೆ ಏಟು ಬಿದ್ದೂ ಈಡು ಹಾರದಿದ್ದರೆ ಕೋವಿ ತೆರೆಯಬೇಡಿ, ಬಾಯಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸಿ. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಸದ್ದು ಪುಸ್ ಎಂದು ಸಣ್ಣದಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ಬುಡದಿಂದ ಬೆಳಕು ನೋಡಿ. ಬಿರಡೆಯೋ ಗುಂಡೋ ಒಳಗೇ ಇರಬಹುದು. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ತೋಟಾ ಒಂದೇ ಜೇಬಿಗೆ ಹೋಗಬಾರದು. 20ರ ತೋಟಾ 12ರ ಚೇಂಬರಿನಲ್ಲಿ ಮುಂದಕ್ಕೆ ಜಾರಿ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದೆ 12ರ ತೋಟಾಗೆ ಪೂರ್ತಿ ಜಾಗ ಉಳಿಯುತ್ತದೆ. ಕೋವಿ ಮುಚ್ಚುತ್ತದೆ, ಹೊಡೆಯುತ್ತದೆ, ನಳಿಗೆ ಒಡೆಯುತ್ತದೆ.

ಉತ್ತರ: ಕಕ್ಕಡಮಳೆ

ಯಾರೂ ಹೇಳದ್ದು ಒಂದಿದೆ, ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನ ಮನೆಯೊಳಗಿನ ತೇವಕ್ಕೆ ತೋಟಾ ಕೆಡುತ್ತದೆ, ಸ್ಪರ್ಧೆ ಬರುವುದು ಸರಿಯಾಗಿ ಅದರ ಕೊನೆಗೆ. ಕಾಗದದ ಕೋಶ ಉಬ್ಬುತ್ತದೆ. ಪ್ಲಾಸ್ಟಿಕ್ ಉಬ್ಬದಿದ್ದರೂ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಹತ್ತುತ್ತದೆ, ಕೇಪಿನ ಸುತ್ತಲೂ ಹತ್ತಿದ್ದರೆ ಅದನ್ನು ಹೊಡೆಯಬೇಡಿ. ತೋಟಾ ತನ್ನ ಭಾರಕ್ಕೇ ಚೇಂಬರಿನೊಳಗೆ ಜಾರಬೇಕು. ಹೆಬ್ಬೆರಳಿನಿಂದ ಒತ್ತಬೇಕಾಯಿತು ಎಂದರೆ ಪಕ್ಕಕ್ಕಿಡಿ. ಒದ್ದೆಯಾದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಬಿಸಿಲಿನಲ್ಲಿ ಒಣಗಿಸುವ ಹಳೆಯ ಅಭ್ಯಾಸ ಬಿಡಬೇಕು, ಬಿಸಿಗೆ ಮದ್ದಿನ ಗುಣವೇ ಹಾಳಾಗುತ್ತದೆ. ಕಿಲುಬು ಒರೆಸಲು ಸ್ಪ್ರೇ ಎಣ್ಣೆ ಬಳಸಿದರೆ ಅದು ಕೇಪಿನ ಸಂದಿಯಲ್ಲಿ ಇಳಿದು ಕೇಪನ್ನು ಕೊಲ್ಲುತ್ತದೆ, ಒಣ ಬಟ್ಟೆ ಸಾಕು. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ತಿರುಗಿದಾಗ ಜೆಲ್ ಮಾತ್ರ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುವುದು. ಡಬ್ಬಿಯ ಮೇಲೆ ಕೊಂಡ ತಿಂಗಳು ಬರೆದಿಡಿ.

ಸ್ಲಗ್ ಹೊಡೆದ ಸಂಜೆಯೇ ನಳಿಗೆ ತೊಳೆಯಿರಿ. ಇಳಿಜಾರಿನ ಮುಂದೆ ಮತ್ತು ಚೋಕಿನಲ್ಲಿ ಬೆಳ್ಳಿಯಂಥ ಗೆರೆಗಳು ಕಾಣುತ್ತವೆ, ಅದು ಸವರಿಕೊಂಡ ಸೀಸ. ಅದರಡಿ ತೇವ ಕೂತು ತುಕ್ಕು ಹಿಡಿಯುತ್ತದೆ. ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು, 12 ಬೋರಿನ ಕಂಚಿನ ಬ್ರಷ್ ಅನ್ನು ಬುಡದಿಂದ ಬಾಯಿಯ ಕಡೆಗೆ ತಳ್ಳಿ, ಬಟ್ಟೆ ಬಿಳಿಯಾಗಿ ಬರುವವರೆಗೆ. ಆಮೇಲೆ ತೆಳುವಾಗಿ ಎಣ್ಣೆ. ಬಟ್ಟೆಯ ಚೀಲದಲ್ಲಿ ಸುತ್ತಿ ಗೋಡೆಗೆ ನಿಲ್ಲಿಸಬೇಡಿ, ಚೀಲ ತೇವ ಹೀರಿ ನಳಿಗೆಗೆ ಕೊಡುತ್ತದೆ. ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಬುಡದ ಮರಕ್ಕೆ ಇಳಿಯುವುದಿಲ್ಲ. ಎಣ್ಣೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಒಂದು ದಿನ ಹಿಡಿಯ ಹತ್ತಿರ ಸೀಳುತ್ತದೆ. ಹೊಡೆಯುವ ಮುಂಚೆ ಆ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯುವುದು ಮರೆಯಬೇಡಿ.